ಕೂರದ ಭಾವನಿಗೆ ಯಮ್ ಚಾ

ನಮ್ಮ ಭಾವ ಕೂತು ಉಂಡದ್ದನ್ನು ನೋಡಿದ್ದೇನೆ ಎಂದು ಅಮೆರಿಕದಲ್ಲಿ ಯಾರಾದರೂ ಹೇಳಿದರೆ ನಂಬಬೇಡಿ, ಅದು ಹಸಿ ಸುಳ್ಳು. ಅಕ್ಕ ತೀರಿಕೊಂಡ ಮೇಲಿನ ಮಾತು ಇದು. ವಾಲ್ನಟ್ ಕ್ರೀಕಿನ ತಮ್ಮ ಮನೆಯಲ್ಲಿ ತಟ್ಟೆ ಹಿಡಿದು ಅಡುಗೆಮನೆಯಿಂದ ಗರಾಜಿಗೆ, ಗರಾಜಿನಿಂದ ಹಿತ್ತಲಿಗೆ ನಡೆಯುತ್ತಲೇ ಉಣ್ಣುತ್ತಿದ್ದರು. ಅನ್ನ ಒಂದು ಕೋಣೆಯಲ್ಲಾದರೆ ಸಾರು ಇನ್ನೊಂದರಲ್ಲಿ! ಅರ್ಧ ಉಂಡು ತಟ್ಟೆಯನ್ನು ಎಲ್ಲೋ ಮರೆತು ಬರುವರು. ಪ್ಯಾಂಟು ಸೊಂಟದಲ್ಲಿ ನಿಲ್ಲದಷ್ಟು ಸೊರಗಿದ್ದರು. ಒಂದು ಹೊತ್ತಾದರೂ ಅವರನ್ನು ಕೂರಿಸಿ ಉಣಿಸಬೇಕೆಂದು ನಾನು ಹಟ ಹಿಡಿದೆ.

ನಾನಿದ್ದ ಬೆರ್ರಿಯೆಸಾದಲ್ಲಿ ಪಕ್ಕದ ಮನೆಯ ಚೀನೀ ಅಜ್ಜ ಒಂದು ಉಪಾಯ ಹೇಳಿದ್ದ. ಚೀನಾದ ಕ್ಯಾಂಟನ್ ಪಟ್ಟಣದ ಜನ ಬೆಳಿಗ್ಗೆ 'ಯಮ್ ಚಾ', ಅಂದರೆ ಚಹಾ-ತಿಂಡಿಗೆಂದು, ಕೂತರೆ ಬೇಗ ಏಳುವವರಲ್ಲವಂತೆ. ಎಂಬತ್ತರ ದಶಕವದು, ಚೀನಾ ಆಗಷ್ಟೇ ಪ್ರವಾಸಿಗರಿಗೆ ಬಾಗಿಲು ತೆರೆದಿತ್ತು. ಅಲ್ಲಿಗೆ ಹೊರಟಿದ್ದ ಒಂದು ಟೂರಿಗೆ ನಮ್ಮಿಬ್ಬರ ಹೆಸರನ್ನೂ ಕೊಟ್ಟೆ.

"ಎಂಥ ಚಾ ಮಾರಾಯ?" ಭಾವನ ಮಂಗಳೂರು ಕನ್ನಡ ಅಮೆರಿಕದಲ್ಲೂ ಸವೆದಿರಲಿಲ್ಲ.

"ಯಮ್ ಚಾ, ಭಾವ."

"ಯಮನ ಚಾ ಕುಡಿಯಲಿಕ್ಕೆ ಅಷ್ಟು ದೂರ ಯಾಕೆ? ಫ್ರೀವೇಯಲ್ಲಿ ನಿನ್ನ ಕಾರು ಹತ್ತಿದರೆ ಸಾಕಲ್ಲ."

ಆದರೂ ಬಂದರು. ವಿಮಾನದಲ್ಲಿ ಊಟದ ಟ್ರೇ ಹಿಡಿದು ಬಾಲದವರೆಗೆ ನಡೆದರು. ಗಗನಸಖಿ ನನ್ನ ಬಳಿ ಬಂದು, ಅವರು ಕಂಪನಿಯ ಇನ್‌ಸ್ಪೆಕ್ಟರೇ ಎಂದು ಮೆಲ್ಲಗೆ ವಿಚಾರಿಸಿದಳು.

ಕ್ಯಾಂಟನ್ನಿನ ಚಹಾ ಹೋಟೆಲಿನಲ್ಲಿ ಮದುವೆಯ ಚಪ್ಪರದಂಥ ಗದ್ದಲ. ಹಬೆಯಾಡುವ ಬಿದಿರಿನ ಬುಟ್ಟಿಗಳನ್ನು ಗಾಡಿಯಲ್ಲಿ ತಳ್ಳಿಕೊಂಡು ಬರುತ್ತಾರೆ. ಅಕ್ಕಿಯ ತೆಳು ಹಾಳೆಯಲ್ಲಿ ಸುತ್ತಿದ ಸಿಗಡಿ, ಶುಂಠಿ ಹಾಕಿ ಹಬೆಯಲ್ಲಿ ಬೇಯಿಸಿದ ಮೀನು! ನಾನು ಬಾಯಿ ಚಪ್ಪರಿಸುತ್ತ ಕೂತೆ. ಭಾವ ಕೂತರೇ? ಗಾಡಿಯ ಹಿಂದೆಯೇ ಹೊರಟರು, ಮುಚ್ಚಳ ಎತ್ತಿ ಇಣುಕುತ್ತ, ಒಂದೊಂದನ್ನೇ ಬಾಯಿಗೆ ಹಾಕುತ್ತ. ಹೋಟೆಲಿನವರೇ ಇರಬೇಕೆಂದು ಜನ ಖಾಲಿ ಬುಟ್ಟಿಗಳನ್ನು ಅವರ ಕೈಗೆ ಕೊಟ್ಟರು. ಇವರು ಇಸಿದುಕೊಂಡರು ಕೂಡ.

ಕೊನೆಗೆ ಮ್ಯಾನೇಜರು ಬಂದು ನನ್ನನ್ನು ಇಂಗ್ಲಿಷಿನಲ್ಲಿ ಕೇಳಿದ, "ಅವರು ನಿಮ್ಮ ಕಡೆಯವರಾ?"

ಈ ವಯಸ್ಸಿನಲ್ಲಿ ಬರೆಯುವಾಗಲೂ ಕೈ ತಡೆಯುತ್ತದೆ. "ಅಲ್ಲ" ಎಂದುಬಿಟ್ಟೆ. ತಿರುಗಿದರೆ ಭಾವ ಬುಟ್ಟಿ ಹಿಡಿದು ಹಿಂದೆಯೇ ನಿಂತಿದ್ದರು.

ಗುರುತಿಲ್ಲದವರನ್ನೂ ಒಂದೇ ಮೇಜಿಗೆ ಕೂರಿಸುವುದು ಅಲ್ಲಿನ ಪದ್ಧತಿ. ಮ್ಯಾನೇಜರು ಭಾವನ ಹೆಗಲು ಹಿಡಿದು ನನ್ನ ಎದುರಿನ ಕುರ್ಚಿಯಲ್ಲೇ ಕೂರಿಸಿದ. ಭಾವ ಏಳಲಿಲ್ಲ. ಯಾರೋ ಪರವೂರಿನವರ ಹಾಗೆ ನನಗೆ ತಲೆಬಾಗಿಸಿ, ಮೀನಿನ ತಟ್ಟೆಯನ್ನು ಹತ್ತಿರ ಎಳೆದುಕೊಂಡು, ಮುಳ್ಳು ಬಿಡಿಸಿ ತಿನ್ನತೊಡಗಿದರು.

ಕ್ಷಮೆ ಕೇಳಿದರೆ ಎದ್ದೇ ಹೋದಾರೆಂದು ಹೆದರಿಕೆ. ನಾನೂ ಗುರುತಿಲ್ಲದವನಂತೆ ಕೇಳಿದೆ, "ತಮಗೆ ಯಾವೂರಾಯ್ತು?"

"ವಾಲ್ನಟ್ ಕ್ರೀಕ್."

"ಮನೆಯಲ್ಲಿ ಯಾರೆಲ್ಲ ಇದ್ದೀರಿ?"

ಭಾವ ಚಹಾ ಬಗ್ಗಿಸಿ, ಮೊದಲು ನನ್ನ ಬಟ್ಟಲು ತುಂಬಿಸಿದರು.

"ಹೆಂಡತಿ ಇದ್ದಳು," ಎಂದರು. "ತೀರಿಹೋದಳು."

ಆ ಮಾತನ್ನು ಅದುವರೆಗೆ ನಮ್ಮ ಯಾರ ಮುಂದೆಯೂ ಅವರು ಆಡಿರಲಿಲ್ಲ. ಆಮೇಲೆ ಅವಳು ಎಂಥವಳಾಗಿದ್ದಳೆಂದು, ಅವಳ ತಮ್ಮನಾದ ನನಗೇ, ಮೊದಲಿನಿಂದ ಹೇಳತೊಡಗಿದರು.