ಈಸ್‌ಮೆಂಟಿನ ಬೆನ್ನುಹತ್ತಿ

ನಿಘಂಟು ಓದುವ ಚಟ ಇಸ್ಪೀಟಿಗಿಂತ ಕೆಟ್ಟದ್ದು. ಇಸ್ಪೀಟಿನವನು ಸೋತ ಮೇಲಾದರೂ ತನ್ನ ಮನೆಗೆ ಹೋಗುತ್ತಾನೆ. ನಿಘಂಟಿನವನು ಗೆದ್ದೆನೆಂದುಕೊಂಡು ಪಕ್ಕದ ಮನೆಗೆ ಹೋಗುತ್ತಾನೆ. ಮುಳಬಾಗಿಲಿನಲ್ಲಿ ಇಂಗ್ಲಿಷ್ ಮೇಷ್ಟ್ರಾಗಿ ನಿವೃತ್ತನಾದ ನನಗೆ ಆದದ್ದೂ ಇದೇ.

ದೇವರಾಯಸಮುದ್ರದ ಹತ್ತಿರ ನಮ್ಮದೊಂದು ಹಿಪ್ಪುನೇರಳೆ ತೋಟವಿದೆ. ಸೊಪ್ಪು ತರುವ ಕಾಲುದಾರಿ ಇರುವುದು ಪಕ್ಕದ ವೆಂಕಟರಮಣಪ್ಪನ ಹೊಲದೊಳಗೆ, ಆತ ರೇಷ್ಮೆಹುಳು ಸಾಕುವ ಮನೆಯ ಮುಂದೆಯೇ. ಮೊನ್ನೆ ಇದ್ದಕ್ಕಿದ್ದಂತೆ ಆತ ಅದಕ್ಕೆ ಮುಳ್ಳು ಹಾಕಿಬಿಟ್ಟ. ನನ್ನ ಹೆಂಡತಿ ಸರೋಜಮ್ಮ ಸಾಕಿದ ರೇಷ್ಮೆಹುಳು ಆಗಷ್ಟೇ ನಾಲ್ಕನೇ ಜ್ವರದಿಂದ, ಅಂದರೆ ಕೊನೆಯ ಸಲ ಪೊರೆ ಕಳಚಿ, ಎದ್ದಿತ್ತು. ಗೂಡು ಕಟ್ಟುವ ಮುಂಚಿನ ಆ ವಾರ ಹುಳು ತಿನ್ನುವುದನ್ನು ನೋಡಿದರೆ ಮದುವೆಮನೆಯ ಕೊನೇ ಪಂಕ್ತಿ ನೆನಪಾಗುತ್ತದೆ. ಕೆರೆ ಏರಿ ಸುತ್ತಿ ತಂದ ಸೊಪ್ಪು ಬಿಸಿಲಿಗೆ ಬಾಡುತ್ತಿತ್ತು. ಬಾಡಿದ್ದನ್ನೇ ಹಾಕಿದರೆ ಬೆಳೆ ಕೈತಪ್ಪುತ್ತದೆ. ಅವಳು ಊಟ ಬಿಟ್ಟಳು, ನಾನು ವಕೀಲರ ಬಳಿ ಓಡಿದೆ.

ಇದು ಈಸ್‌ಮೆಂಟು, ಅಂದರೆ ಬೇರೆಯವರ ಜಮೀನಿನಲ್ಲಿ ಓಡಾಡುವ ಹಕ್ಕು, ನೋಟೀಸು ಕೊಡೋಣ ಎಂದರು ವಕೀಲರು. ನಾನು ನೋಟೀಸನ್ನು ಅಲ್ಲೇ ಬಿಟ್ಟು ಪದದ ಹಿಂದೆ ಬಿದ್ದೆ. ಹಳೆಯ ಫ್ರೆಂಚಿನಲ್ಲಿ ಅದಕ್ಕೆ ಆರಾಮ, ನೆಮ್ಮದಿ ಎಂದು ಅರ್ಥವಂತೆ. ಒಂದು ಕಾಲದ ಇಂಗ್ಲಿಷಿನಲ್ಲಿ ಕಕ್ಕಸಿಗೂ ಅದೇ ಹೆಸರಂತೆ. ಅದೂ ನೆಮ್ಮದಿಯೇ ತಾನೆ. ಇನ್ನೂ ಆಳಕ್ಕೆ ಹೋದರೆ, ಲ್ಯಾಟಿನ್ನಿನ 'ಪಕ್ಕದಲ್ಲಿರುವುದು' ಎಂಬ ಮಾತೇ ಮೂಲ ಎನ್ನುತ್ತಾರೆ ಕೆಲವರು. ಪಕ್ಕದವರಿದ್ದರೇ ನೆಮ್ಮದಿ ಎಂದಾಯಿತಲ್ಲ! ನನಗೆ ಕಣ್ಣು ತುಂಬಿ ಬಂತು. ಇದನ್ನು ಕೇಳಿದರೆ ಕಲ್ಲೂ ಕರಗೀತು ಎಂದುಕೊಂಡು ವೆಂಕಟರಮಣಪ್ಪನಲ್ಲಿಗೆ ಹೋದೆ.

ಆತ ತನ್ನ ಹುಳುಮನೆಯ ಬಾಗಿಲಿಗೆ ಅಡ್ಡ ನಿಂತು, ಫ್ರೆಂಚಿನಿಂದ ಲ್ಯಾಟಿನ್ನಿನವರೆಗೂ ತಾಳ್ಮೆಯಿಂದ ಕೇಳಿದ.

"ಸಾರ್, ಹೋದ್ ವಾರ ಅದೇನೋ ಪೇಪರ್ ಸುದ್ದಿ ಹೇಳಕ್ಕೆ ಅಂತ, ಚಪ್ಲಿ ಕಾಲಲ್ಲೇ ಸೀದಾ ಒಳಗ್ ಬಂದ್ಬಿಟ್ರಿ. ಬ್ಲೀಚಿಂಗ್ ನೀರಲ್ಲಿ ಕಾಲ್ ಅದ್ದದೆ ನಮ್ಮಪ್ಪನ್ನೂ ಬಿಡಲ್ಲ ನಾನು. ಹುಳಕ್ಕೆ ರೋಗ ತಗುಲಿದ್ರೆ ಏನ್ ಗತಿ? ಮೇಷ್ಟ್ರಿಗೆ ಬಾಯ್ಬಿಟ್ಟು ಹೇಳಕ್ಕಾಗ್ಲಿಲ್ಲ, ಮುಳ್ ಹಾಕ್ದೆ."

ನಾಚಿಕೆಯಿಂದ ತಲೆ ತಗ್ಗಿತು. ತಪ್ಪಾಯಿತಪ್ಪ ಎಂದೆ. "ಪೋನೀಲೆ ಸಾರ್," ಹೋಗಲಿ ಬಿಡಿ ಎಂದು ತೆಲುಗಿನಲ್ಲಿ ಸಮಾಧಾನ ಹೇಳಿ, ಆಗಲೇ ಬಂದು ಮುಳ್ಳು ಎಳೆದು ಹಾಕಿದ. ಸಾಲದ್ದಕ್ಕೆ ತನ್ನ ತೋಟದ್ದೇ ಒಂದು ಹೊರೆ ಹಸಿ ಸೊಪ್ಪನ್ನು ನನ್ನ ತಲೆಯ ಮೇಲಿಟ್ಟ.

ತೆರೆದ ದಾರಿಯಲ್ಲಿ ಓಡೋಡಿ ಬಂದೆ. ದಾರಿ ಸಿಕ್ಕಿದ್ದು, ಪದದ ಅರ್ಥ ಎರಡನ್ನೂ ಒಂದೇ ಉಸಿರಿಗೆ ಸರೋಜಮ್ಮನಿಗೆ ಹೇಳಬೇಕೆಂದು ನಮ್ಮ ಹುಳುಮನೆಗೆ ನುಗ್ಗಿದೆ. ಅವಳು ನನ್ನ ಮುಖ ನೋಡಲಿಲ್ಲ, ಕಾಲು ನೋಡಿದಳು. ಕೆಸರು ಮೆತ್ತಿದ ಚಪ್ಪಲಿ ಹಾಗೇ ಇತ್ತು. ಈ ಸಲ ಬೆಳೆ ಚೆನ್ನಾಗಿ ಬರುವಂತಿದೆ ಎಂದು ಕೇಳಿದ್ದೇನೆ. ನಾನಂತೂ ಅಂದಿನಿಂದ ಸೊಪ್ಪನ್ನು ಕಿಟಕಿಯಲ್ಲೇ ಕೊಟ್ಟು ಬರುತ್ತಿದ್ದೇನೆ.