ಖಾಲಿ ಮಂಚಕ್ಕೆ ನೆಲದಿಂದ ಒಂದು ವಿಜ್ಞಾಪನೆ

ರೋಣ ತಾಲೂಕು, ೧೯೫೪ರ ಶ್ರಾವಣ

ಮಾನ್ಯರೇ,

ನಮ್ಮೂರ ದವಾಖಾನೆಯ ಏಕಮಾತ್ರ ಕಬ್ಬಿಣದ ಮಂಚವಾದ ತಮ್ಮ ನಾಲ್ಕೂ ಪಾದಗಳಿಗೆ, ಅವುಗಳ ಪಕ್ಕದಲ್ಲೇ ಚಾಪೆಯ ಮೇಲೆ ಬಿದ್ದುಕೊಂಡಿರುವ ದವಾಖಾನೆ ಸಮಿತಿಯ ಅಧ್ಯಕ್ಷ ಪ್ರಹ್ಲಾದ ಕುಲಕರ್ಣಿಯ ಸಾಷ್ಟಾಂಗ ನಮಸ್ಕಾರಗಳು. ಇದು ಬರಿಯ ಉಪಚಾರದ ಮಾತಲ್ಲ. ಕಾಲು ಮುರಿದಿರುವುದರಿಂದ ನಿಂತು ಕೈಮುಗಿಯುವುದು ನನ್ನಿಂದಾಗದು. ದವಾಖಾನೆಯ ಬಾಗಿಲ ಮೇಲಿನ ನನ್ನ ಹೆಸರಿನ ಫಲಕ ತುಸು ಓರೆಯಾಗಿದೆಯೆಂದು ಸ್ಟೂಲು ಹತ್ತಿ ಸರಿಪಡಿಸಹೋಗಿ ಬಿದ್ದೆ. ಫಲಕ ಈಗ ನೆಟ್ಟಗಿದೆ.

ಹಿಂದೆ ಈ ದವಾಖಾನೆ ಮೇಲಿನ ಕಚೇರಿಯ ಕೈಯಲ್ಲಿದ್ದಾಗ, ಒಂದು ಸುತ್ತು ಬ್ಯಾಂಡೇಜಿಗೆ ಅರ್ಜಿ ಹೋಗಿ ಮಂಜೂರಾಗಿ ಬರುವಷ್ಟರಲ್ಲಿ ಗಾಯ ತಾನಾಗಿಯೇ ಮಾಯುತ್ತಿತ್ತು. ಆದ್ದರಿಂದ ನಮ್ಮ ದವಾಖಾನೆಯನ್ನು ನಾವೇ, ನಮ್ಮ ಹಣದಲ್ಲೇ ನಡೆಸುತ್ತೇವೆಂದು ಗಂಟಲು ಹರಿಯುವಂತೆ ಭಾಷಣ ಮಾಡಿದವನು ನಾನು. ಅದು ತಪ್ಪೆಂದು ಈಗಲೂ ಅನ್ನಿಸಿಲ್ಲ. ಆದರೆ ಸರಕಾರದ ಹಂಗು ತಪ್ಪಿದ್ದೇ ತಡ, ಅರಳೆ ವ್ಯಾಪಾರದ ಹೂವಪ್ಪನವರ ಹಂಗಿಗೆ ಬಿದ್ದೆವು. ಔಷಧಿಯ ಖರ್ಚು ಬಹುಪಾಲು ಅವರದೇ. ತಮ್ಮನ್ನು ತಾಯಿಯ ನೆನಪಿಗೆಂದು ಕೊಟ್ಟವರೂ ಅವರೇ. ಅಂಥ ಮಂಚದ ಮೇಲೆ ಕಂಡಕಂಡವರು ಮಲಗಿದರೆ ಅವರು ಬೇಸರಪಟ್ಟು ಕೈಬಿಟ್ಟಾರೆಂದು ಹೆದರಿ, ಅವರ ಮನೆತನದವರ ಹೊರತು ಯಾರೂ ತಮ್ಮ ಮೇಲೆ ಮಲಗಕೂಡದೆಂಬ ಠರಾವನ್ನು ನಾನೇ ಮಂಡಿಸಿದೆ, ಸದಸ್ಯರೆಲ್ಲ ಕೈಯೆತ್ತಿದರು. ಆ ಮನೆತನಕ್ಕೋ ದೇವರು ಗಟ್ಟಿ ಆರೋಗ್ಯ ಕೊಟ್ಟಿದ್ದಾನೆ.

ಹೀಗಾಗಿ ತಾವು ಒಂದು ದಿನವೂ ರೋಗಿಯ ಮುಖ ಕಾಣದೆ, ಬಿಳಿಯ ಚಾದರ ಹೊದ್ದು ಮಿರಿಮಿರಿ ಮಿಂಚುತ್ತಿದ್ದೀರಿ. ಇಡೀ ಜಿಲ್ಲೆಯಲ್ಲಿ ತಮ್ಮಷ್ಟು ನಿರೋಗಿಯಾದ ಮಂಚ ಇನ್ನೊಂದಿರಲಿಕ್ಕಿಲ್ಲ. ನನ್ನ ಕಾಲಿನ ಮಾತು ಬಿಡಿ; ಪಕ್ಕದ ಚಾಪೆಯಲ್ಲಿ ಜಕ್ಕಲಿಯ ಗಾಳೆವ್ವ ನ್ಯುಮೋನಿಯಾದಿಂದ ನರಳುತ್ತಿದ್ದಾಳೆ. ಜಡಿಮಳೆಗೆ ನೆಲವೆಲ್ಲ ಒದ್ದೆ. ಈ ತಂಡಿಯಲ್ಲೇ ಮಲಗಿದರೆ ಆಕೆ ಉಳಿಯುವುದು ಕಷ್ಟವೆಂದು ಕಂಪೌಂಡರ್ ಲಾಡಸಾಬ ನನ್ನ ಮುಖವನ್ನೇ ನೋಡುತ್ತ ಹೇಳಿದ. ಆಕೆಯಾದರೋ ಕೆಮ್ಮಿನ ನಡುವೆ, "ಮೊದಲ ಮಂಚ ಇರಲಿಲ್ರಿ, ನೆಲದಾಗ ಮಲಗತಿದ್ವಿ. ಈಗ ಮಂಚ ಬಂದೈತಿ, ಅದನ್ನ ನೋಡಕೋತ ನೆಲದಾಗ ಮಲಗತೀವಿ" ಎಂದು ನಕ್ಕಳು. ನನಗೆ ಬಹಳ ನಾಚಿಕೆಯಾಯಿತು. ಆದರೂ ಠರಾವು ಮುರಿಯುವ ಧೈರ್ಯ ಬರಲಿಲ್ಲ.

ಆದಕಾರಣ ತಾವೇ ದೊಡ್ಡ ಮನಸ್ಸು ಮಾಡಿ, ಯಾರೂ ನೋಡದಾಗ ಒಂದೆರಡು ಹೆಜ್ಜೆ ನಡೆದು ಗಾಳೆವ್ವನ ಕೆಳಗೆ ನುಸುಳಬೇಕೆಂದೂ, ಹೂವಪ್ಪನವರು ಕೇಳಿದರೆ ಅಧ್ಯಕ್ಷರಿಗೆ ಈ ಸುದ್ದಿಯೇ ತಿಳಿಯದೆಂದು ತಾವೇ ಸಾಕ್ಷಿ ನುಡಿಯಬೇಕೆಂದೂ ಪ್ರಾರ್ಥಿಸುತ್ತೇನೆ.

ತಮ್ಮ ಕಾಲಬುಡದಲ್ಲಿರುವ,
ತಮ್ಮ ವಿಶ್ವಾಸಿ,
ಪ್ರಹ್ಲಾದ ಕುಲಕರ್ಣಿ

ವಿ.ಸೂ.: ಸಹಿಯ ಮಸಿ ಒಣಗುವ ಮೊದಲೇ, ಹೂವಪ್ಪನವರ ಹೆಂಡತಿ ಸಿದ್ದಲಿಂಗವ್ವ ನನ್ನ ಕಾಲು ವಿಚಾರಿಸಲು ಬಂದರು. ನೆಲದ ಮೇಲಿನ ಗಾಳೆವ್ವನನ್ನೂ ಖಾಲಿಯಿದ್ದ ತಮ್ಮನ್ನೂ ನೋಡಿ, "ಇದ್ಯಾಕ್ರಿ ಹಿಂಗ?" ಎಂದರು. ನಾನು ಠರಾವನ್ನು ಹೆಮ್ಮೆಯಿಂದಲೇ ವಿವರಿಸಿದೆ. "ನಮ್ಮತ್ತಿ ಇದೇ ದವಾಖಾನ್ಯಾಗ, ಹಿಂಗ ತಂಡಿ ನೆಲದ ಮ್ಯಾಲೆ ಜೀವಾ ಬಿಟ್ರು. ಇನ್ನೊಬ್ಬರಿಗೆ ಹಂಗ ಆಗಬಾರದಂತ ಮಂಚ ಕೊಟ್ವಿ. ಖಾಲಿ ಇಡ್ರಿ ಅಂತ ನಿಮಗ ಯಾರು ಹೇಳಿದ್ರು?" ಎಂದವರೇ, ಲಾಡಸಾಬನನ್ನು ಕರೆದು, ಗಾಳೆವ್ವನನ್ನು ಎತ್ತಿ ತಮ್ಮ ಮೇಲೆ ಮಲಗಿಸಿದರು. ಯಾರೂ ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ. ಊರ ದವಾಖಾನೆಯನ್ನು ಊರವರು ನಡೆಸಿದ್ದನ್ನು ನಾನು ಇವತ್ತೇ ಮೊದಲು ಕಂಡೆ. ಸಮಿತಿಯ ಅಪ್ಪಣೆಯನ್ನು ಮಾತ್ರ ಯಾರೂ ಕೇಳಲಿಲ್ಲ.