ಮಾಮಾನ ಬೀಟ್ ಪುಸ್ತಕ

ಮುಲುಂಡಿನ ನಮ್ಮ ಸೊಸೈಟಿಗೆ ಕಳ್ಳರು ಕಾಲಿಡದಿರುವುದಕ್ಕೆ ಕಾರಣ ಪೊಲೀಸರಲ್ಲ, ನಮ್ಮ ಮಾಮಾ. ಅವರ ಪ್ರಶ್ನೆಗಳಿಗೆ ಉತ್ತರ ಕೊಡುವುದಕ್ಕಿಂತ ದುಡಿದು ತಿನ್ನುವುದೇ ಸುಲಭ ಎಂದು ಕಳ್ಳರಿಗೂ ಗೊತ್ತು!

ವಿಜಯಪುರದ ಕಡೆಯವರು, ದೂರದ ಸಂಬಂಧದಲ್ಲಿ ಅಮ್ಮನಿಗೆ ಅಣ್ಣ. ನಮ್ಮದೇ ಬಿಲ್ಡಿಂಗಿನ ನಾಲ್ಕನೇ ಮಹಡಿಯಲ್ಲಿ ಒಬ್ಬರೇ ಇರುತ್ತಾರೆ. ಮೊದಲು ಒಬ್ಬ ಹವಾಲ್ದಾರರು ದಿನಾ ಸಂಜೆ ನಾಲ್ಕಕ್ಕೆ ಬರುತ್ತಿದ್ದರು. ಒಂಟಿಯಾಗಿರುವ ಹಿರಿಯರ ಬಾಗಿಲು ಬಡಿದು, "ಸಗಳಂ ಠೀಕ್ ನಾ?" ಎಂದು ಮರಾಠಿಯಲ್ಲಿ ಕ್ಷೇಮ ವಿಚಾರಿಸಿ, ಗೇಟಿನ ಮೊಳೆಗೆ ತೂಗುಹಾಕಿದ ಬೀಟ್ ಪುಸ್ತಕದಲ್ಲಿ ಸಹಿ ಮಾಡಿ ಹೋಗುತ್ತಿದ್ದರು. ಠಾಣೆಯಲ್ಲಿ ಮಂದಿ ಕಡಿಮೆಯಾಗಿ ನಾಲ್ಕು ಬೀಟು ಅವರೊಬ್ಬರ ಹೆಗಲಿಗೆ ಬಿತ್ತು. ದಿನಾ ಬರುತ್ತಿದ್ದವರು ವಾರಕ್ಕೊಮ್ಮೆ ಬಂದರು, ಆಮೇಲೆ ಹಬ್ಬಕ್ಕೊಮ್ಮೆ, ಆಮೇಲೆ ಮೊಳೆಯಲ್ಲಿ ಪುಸ್ತಕವೊಂದೇ ಉಳಿಯಿತು.

ಮಾಮಾ ಸುಮ್ಮನಿರುತ್ತಾರೆಯೇ? ಲಾಠಿಯ ಬದಲು ಕೊಡೆ, ಕೊರಳಿಗೆ ಸೀಟಿ! ಮೊದಲ ವಾರವೇ ಒಬ್ಬ ಶಂಕಿತನನ್ನು ವಾಚ್‌ಮನ್ ಕ್ಯಾಬಿನ್ನಿನಲ್ಲಿ ಕೂರಿಸಿ, ಎರಡು ಕಟಿಂಗ್ ಚಹಾ ಕುಡಿಸಿ, ಮೂರು ತಲೆಮಾರಿನ ವಿವರ ಕಕ್ಕಿಸಿದರು. ಆಸಾಮಿ ಸೆಕ್ರೆಟರಿಯ ಹೊಸ ಅಳಿಯ! ಪುಸ್ತಕದಲ್ಲಿ ಬರೆದದ್ದು: 'ಸದ್ಯಕ್ಕೆ ಬಿಡಲಾಗಿದೆ. ನಿಗಾ ಮುಂದುವರಿದಿದೆ.'

ಕಂಡವರನ್ನೆಲ್ಲ ಅಣಕಿಸುವುದು ನನ್ನ ಹುಟ್ಟುರೋಗ. ಕನ್ನಡಿಯೆದುರು ನನ್ನನ್ನೂ ಬಿಟ್ಟಿಲ್ಲ. ಒಂದು ಮಧ್ಯಾಹ್ನ ಕಾಂಪೌಂಡಿನಲ್ಲಿ ಕೊಡೆ ಹಿಡಿದು, ಹೊಟ್ಟೆ ಮುಂದು ಮಾಡಿ, ಮಾಮಾನ ನಡಿಗೆ ನಡೆದು ತೋರಿಸಿದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಕ್ಕವರು ತಟ್ಟನೆ ಕೈಕಟ್ಟಿ ನಿಂತರು. ನನ್ನ ಹಿಂದೆ ಮಾಮಾ.

"ಕೊಡಿ ಎಡಗೈಯಾಗ ಹಿಡೀಬೇಕು," ಎಂದರು ಗಂಭೀರವಾಗಿ. "ಬಲಗೈ ಸಲ್ಯೂಟಿಗೆ ಬೇಕಾಗ್ತದ, ಶಾಣ್ಯಾ."

ಕಳೆದ ತಿಂಗಳು ಎರಡು ದಿನ ಸೀಟಿ ಕೇಳಿಸಲಿಲ್ಲ. ವೇಷ ಮರೆಸಿಕೊಂಡು ಕಾರ್ಯಾಚರಣೆಗೆ ಇಳಿದಿರಬೇಕು ಎಂದು ಊಟಕ್ಕೆ ಕೂತು ನಕ್ಕೆವು. ಮೂರನೇ ದಿನ, ಅಣಕಕ್ಕೆ ಹೊಸ ಸರಕು ಸಿಕ್ಕೀತೆಂದು ಪುಸ್ತಕ ತೆಗೆದೆ. ದಿನಾ ಮೂರು ಬಾಗಿಲು. ಎರಡನೇ ಮಹಡಿಯ ಗುಜರಾತಿ ಅಜ್ಜಿ: 'ಮೊಣಕಾಲು ನೋವು, ನಾಲಿಗೆ ಚುರುಕು.' ಮೂರನೇ ಮಹಡಿಯ ಮಾಸ್ತರರು: 'ಬಿ.ಪಿ. ಏರಿದೆ. ಕಾರಣ, ಕ್ರಿಕೆಟ್.' ಕೊನೆಯ ಸಾಲು ಮಾತ್ರ ದಿನಾ ಒಂದೇ: 'ನಾಲ್ಕನೇ ಮಹಡಿ. ಒಂಟಿ ಹಿರಿಯರು, ಒಬ್ಬರು. ಬಾಗಿಲು ಬಡಿಯಲಾಯಿತು. ತೆರೆದರು. ಆರೋಗ್ಯ ಸರಿ ಇದೆ.'

ನಾಲ್ಕನೇ ಮಹಡಿಯಲ್ಲಿ ಒಂಟಿಯಾಗಿರುವವರು ಇನ್ನಾರು? ತಮ್ಮ ಬಾಗಿಲನ್ನು ತಾವೇ ಬಡಿದು, ತಾವೇ ತೆರೆದು... ಕಳೆದೆರಡು ದಿನದ ಸಾಲುಗಳು ಖಾಲಿ ಇದ್ದವು.

ಲಿಫ್ಟಿಗೆ ಕಾಯದೆ ಮೆಟ್ಟಿಲು ಹತ್ತಿದೆ. ಬಾಗಿಲು ಬಡಿದೆ. ಬಾಯಿಂದ ಹೊರಟದ್ದು ನನ್ನ ದನಿಯಲ್ಲ, ಆ ಹವಾಲ್ದಾರರ ದನಿ.

"ಸಗಳಂ ಠೀಕ್ ನಾ?"

ಒಳಗೆ ಕೆಮ್ಮು. ಕಾಲೆಳೆಯುವ ಸದ್ದು. ಚಿಲಕ ತೆಗೆಯಲು ಎಷ್ಟು ಹೊತ್ತು! ಜ್ವರಕ್ಕೆ ಕೆಂಪಾದ ಕಣ್ಣು, ಕೊರಳಲ್ಲಿ ಆಗಲೂ ಸೀಟಿ.

"ಎರಡ ದಿನಾ ತಡಾ ಆತಲ್ಲೋ, ಹವಾಲ್ದಾರ," ಎಂದು ನನ್ನ ಹೆಗಲು ಹಿಡಿದು ನಿಂತರು. "ಮೊದಲ ಸಹಿ ಹಾಕು."